ಸೊಸಿ ಕುಂತ್ರ ಗಾಲಿ ಕುಂದರತೈತಿ

ಮೊಣಕಾಲು ನನ್ನ ಮಾತು ಕೇಳೂದು ಬಿಟ್ಟ ಮ್ಯಾಲ ಪಂಕ್ಚರ್ ಅಂಗಡಿ ಸೊಸಿ ಶಾಂತಾನ ಕೈಗೆ ಕೊಟ್ಟೆ. ಈಗ ಆಕಿ ಜಾಕ್ ಏರಸ್ತಾಳ, ನಾ ಬಾಜೂಕ ಕುಂತು ತಪ್ಪು ಹಿಡೀತೀನಿ. ಒಂದಿನ ಆಕಿಗೆ ಸಾಕಾತು. "ಅತ್ತಿ, ಇಡೀ ದಿನ ಕಿವ್ಯಾಗ ಹೇಳಬ್ಯಾಡ್ರಿ. ಏನ್ ಹೇಳೂದೈತಿ ಅದನ್ನ ಬರದಿಡ್ರಿ, ನಾ ಆಮ್ಯಾಲ ಓದ್ತೀನಿ. ಈಗ ಕೆಲಸ ಮಾಡಾಕ ಬಿಡ್ರಿ" ಅಂದ್ಲು. ಅದಕ್ಕ ಬರಿಯಾಕತ್ತೇನಿ. ಆಕಿ ಓದ್ತಾಳೋ ಇಲ್ಲೋ, ಈ ಕೆಲಸಕ್ಕ ಹೊಸದಾಗಿ ಬಂದ ಹುಡುಗ್ಯಾರು ಹುಡುಗರು ಯಾರರ ಓದ್ರಿ.

ನಮ್ಮ ಅಂಗಡಿ ಬೆಲ್ಲದ ಬಾಗೇವಾಡಿ ಊರ ಹೊರಗ, ಹುಕ್ಕೇರಿಯಿಂದ ಘಟಪ್ರಭಾಕ್ಕ ಹೋಗೂ ದಾರಿ ಮ್ಯಾಲ ಐತಿ. ಒಂದು ತಗಡಿನ ಕೆಳಗ ಎರಡು ಅಂಗಡಿ. ಒಂದರಾಗ ನಮ್ಮವ್ರು ಚಹಾ ಕಾಸ್ತಾರ, ಇನ್ನೊಂದರಾಗ ನಾ ಪಂಕ್ಚರ್ ತೆಗೀತಿದ್ದೆ. ಮೊದಮೊದಲು ಗಾಡಿ ನಿಲ್ಲಿಸಿದವರು ಎಲ್ಲಾರೂ ಸೀದಾ ಅವರ ಹಂತ್ಯಾಕ ಹೋಗಿ, "ಕಾಕಾ, ಗಾಲಿ ಬಿಚ್ಚರಿ" ಅಂತಿದ್ರು. ಇವ್ರು ಸೌಟು ತೋರಿಸಿ, "ನನಗ ಶುಂಠಿ ಕುಟ್ಟಾಕ ಅಷ್ಟ ಬರತೈತಿ. ಗಾಲಿ ಬಿಚ್ಚಾವ್ರು ಅಲ್ಲಿ ಅದಾರ, ಜ್ವಾಕಿ, ಬೈತಾರ" ಅಂತಿದ್ರು. ಖರೇನ ಬೈತಿದ್ದೆ. ಬೈಲಿಲ್ಲಂದ್ರ ಮಂದಿ ಟಾಯರ್ ನೋಡಂಗಿಲ್ಲ.

ಕೆಲಸ ಕಲಿಸಿದಾವ ನಮ್ಮ ಅಣ್ಣ. ಗೋಕಾಕದಾಗ ಅವನ ಸೈಕಲ್ ಅಂಗಡಿ ಇತ್ತು. ಮದುವಿಕಿಂತ ಮೊದಲು ನಾ ಅಲ್ಲೇ ಬೋಗುಣ್ಯಾಗಿನ ನೀರಾಗ ಟ್ಯೂಬ್ ಮುಳುಗಿಸಿ ಗುಳ್ಳಿ ಹುಡುಕತಿದ್ದೆ. ಅಂವಾ ಭಾಳ ಕೆಟ್ಟ ಗುರು. ತಪ್ಪು ಮಾಡಿದ್ರ ನಟ್ ಬಿಚ್ಚೂ ಪಾನಾದ ಹಿಡಿಕಿಲೆ ಬೆರಳ ಗೆಣ್ಣಿಗೆ ಒಂದು ಬಿಡತಿದ್ದ. ಅವನ ಪಾಠ ಎರಡ. ಒಂದು, ಮೊಳಿ ತಗದ ಮ್ಯಾಲ ಟಾಯರಿನ ಒಳಗ ಅರಿವಿ ಸುತ್ತಿದ ಕೈ ಆಡಿಸದ ಮುಚ್ಚಬಾರ್ದು. ಒಂದ ಮುಳ್ಳು ಚುಚ್ಚಿರತೈತಿ, ಅದರ ತಮ್ಮ ಬಾಜೂಕ ಮಲಗಿರ್ತಾನ. ಎರಡು, ಮೊಳಿ ಕಿತ್ತು ಒಗದ್ರ ಅರ್ಧಾ ಕೆಲಸ ಆತು. ಅದು ಯಾವೂರ ಮೊಳಿ, ಇಲ್ಲಿಗೆ ಹೆಂಗ ಬಂತು ಅಂತ ಕೇಳಿದ್ರ ಪೂರ್ತಿ ಆತು. ಇಲ್ಲಂದ್ರ ಅದ ಗಿರಾಕಿ ಅದ ಗಾಲಿ ತಗೊಂಡು ಮತ್ತ ಬರ್ತಾನ. "ಬರಲಿ ಬಿಡೋ, ಗಿರಾಕಿ ಅಲ್ಲೇನ?" ಅಂದೆ ಒಂದ್ಸಲ. ಗೆಣ್ಣಿಗೆ ಬಿತ್ತು.

ಈಗ ಕಾರಿನ ಮಾತು. ಮಂದಿ ಬಂದು, "ಆಯಿ, ನನ್ನ ಗಾಡಿಗೇನೋ ಸಾಡೇಸಾತಿ ಹತ್ತೈತಿ, ಮ್ಯಾಲಿಂದ ಮ್ಯಾಲ ಪಂಕ್ಚರ್" ಅಂತಾರ. ಸಾಡೇಸಾತಿ ಅಲ್ರಿ, ಗಾಳಿ ಇಲ್ಲ. ಹತ್ತು ಮಂದ್ಯಾಗ ಅರ್ಧಕ್ಕ ಅರ್ಧಾ ಅದ ರೋಗ. ಗಾಳಿ ಕಡಿಮಿ ಇದ್ದ ಗಾಲಿ ಹೊಟ್ಟಿ ಬಿಟ್ಟುಕೊಂಡು ಓಡತೈತಿ, ತೆಗ್ಗಿನ್ಯಾಗ ಬಿದ್ರ ರಿಮ್ಮಿಗೂ ಕಲ್ಲಿಗೂ ನಡುವ ಸಿಕ್ಕು ಬಾಜೂ ಸೀಳತೈತಿ. ಬಾಜೂ ಸೀಳಿದ್ರ ನನ್ನ ಹಂತ್ಯಾಕ ಔಷಧ ಇಲ್ಲ, ಹೊಸಾದ ಹಾಕಬೇಕು. ಹಂಗಂತ ಕಲ್ಲಿನಂಗ ತುಂಬಿಸಬ್ಯಾಡ್ರಿ. ಡ್ರೈವರನ ಬಾಗಲಾ ತಗದ್ರ ಅಲ್ಲೇ ಚೀಟಿ ಅಂಟಿಸಿರ್ತಾರ, ಎಷ್ಟು ಗಾಳಿ ಬೇಕಂತ. ಕಾರು ತಗೊಂಡವರು ಆ ಚೀಟಿ ಒಂದು ಬಿಟ್ಟು ಎಲ್ಲಾ ನೋಡಿರ್ತಾರ. ಮುಂಜಾನೆ ಗಾಲಿ ತಣ್ಣಗಿದ್ದಾಗ ಗಾಳಿ ನೋಡಬೇಕು, ಓಡಿ ಬಿಸಿ ಆದ ಮ್ಯಾಲ ಅದು ಸುಳ್ಳು ಹೇಳತೈತಿ.

ಒಬ್ಬ ರೈತ ಹೊಸಾ ಕಾರು ತಗೊಂಡು ವಾರಕ್ಕೊಮ್ಮೆ ನನ್ನ ಮುಂದ ಬಂದು ನಿಂದರತಿದ್ದ. "ಟಾಯರ್ ಹಲ್ಕಟ್ ಮಾಲ ಐತಿ ಆಯಿ, ಕಂಪನಿಗೆ ಬೈದು ಬರ್ತೀನಿ" ಅಂತಿದ್ದ. ನಾ ಗಾಲಿ ತಿರುವಿ ನೋಡಿದ್ರ ಕಬ್ಬಿನ ಸಿಬರು. "ಎಲ್ಲಿ ತಿರುವುತೀಯೋ ಗಾಡಿ?" ಅಂದೆ. "ಮನಿ ಮುಂದ ಜಾಗಾ ಇಲ್ಲ, ಕಡದ ಕಬ್ಬಿನ ಹೊಲದಾಗ ರಿವರ್ಸ್ ತಗೊಂತೀನಿ" ಅಂದ. ಕಬ್ಬು ಕಡದ ಮ್ಯಾಲ ಉಳಿಯೂ ಕೂಳಿ ಅಂದ್ರ ಕುಡಗೋಲಿನಂಗ ಚೂಪ. ಬರಿಗಾಲಿನ್ಯಾಗ ತಾ ಕಾಲಿಡದ ಜಾಗಾದಾಗ ಗಾಡಿ ಇಡ್ತಾನ! "ಮೊದಲು ನೀ ಚಪ್ಪಲ್ ಬಿಟ್ಟು ಆ ಹೊಲದಾಗ ನಾಕ ಹೆಜ್ಜಿ ನಡದು ಬಾ, ಆಮ್ಯಾಲ ಕಂಪನಿಗೆ ಬೈ" ಅಂದೆ. ನಮ್ಮವ್ರು ಚಹಾ ಸೋಸಾದು ಬಿಟ್ಟು ನಕ್ರು. ಅಲ್ಲಿಂದ ಅಂವಾ ಪಂಕ್ಚರಿಗೆ ಬರ್ಲಿಲ್ಲ, ಚಹಾಕ್ಕ ಬಂದ.

ಮೊಳಿ ಮುಳ್ಳು ಇಲ್ಲದ ಗಾಳಿ ಹೋಗಿ ಗಾಲಿ ಕುಂದರೂದು ಇನ್ನೊಂದು ನಮೂನಿ. ಅದು ಗಾಳಿ ತುಂಬೂ ವಾಲ್. ಅದರ ಮ್ಯಾಲಿನ ಟೊಪಗಿ ಕಳದಿರತೈತಿ, ಒಳಗ ಉಸುಕು ಹೋಗಿ ಸಾವಕಾಶ ಗಾಳಿ ಬಿಡತೈತಿ. ಒಂದು ಹನಿ ಉಗುಳು ಹಚ್ಚಿದ್ರ ಗುಳ್ಳಿ ಏಳತೈತಿ. ಶಾಂತಾ ಸಬಕಾರದ ನೀರು ಹಚ್ಚತಾಳ, ಉಗುಳು ಅಂದ್ರ ಹೇಸ್ತಾಳ. ಇರ್ಲಿ, ಅದೂ ಚೊಲೋನ. ಇನ್ನ ರಿಮ್ಮಿಗೆ ಜಂಗು ಹಿಡದ್ರೂ ಅಂಚಿನಿಂದ ಗಾಳಿ ಹೋಗತೈತಿ. ಬೋಳು ಟಾಯರಂತೂ ಬಾಗಲಾ ತಗದಿಟ್ಟ ಮನಿ, ಯಾವ ಮುಳ್ಳರ ಬಂದು ಹೋಗಬಹುದು.

ಹಿಂದ ಟ್ಯೂಬ್ ಇದ್ದಾಗ ಮೊಳಿ ಚುಚ್ಚಿದ್ರ ಫಸ್ ಅಂತ ಅಲ್ಲೇ ಕುಂದರತಿತ್ತು. ಗಾಲಿ ಬಿಚ್ಚಿ, ಟಾಯರ್ ಕಳಚಿ, ಟ್ಯೂಬ್ ಎಳದು, ಕಾನಸಿಲೆ ತಿಕ್ಕಿ, ಸಲೂಷನ್ ಹಚ್ಚಿ ತುಂಡು ಅಂಟಿಸಬೇಕಿತ್ತು. ಈಗ ಟ್ಯೂಬ್ ಇಲ್ಲದ ಟಾಯರ್. ಮೊಳಿ ಕಿತ್ತು, ಆ ತೂತಿನ್ಯಾಗ ರಬ್ಬರಿನ ಬತ್ತಿ ತುರುಕಿದ್ರ ಮುಗೀತು. ಕೆಲಸ ಹಗರ ಆತು, ಖರೆ, ಒಂದು ಕೇಡೂ ಆತು. ಈ ಟಾಯರ್ ಮೊಳಿ ಕಚ್ಚಿಕೊಂಡ ಓಡತೈತಿ, ಗಾಳಿ ಸಾವಕಾಶ ಬಿಡತೈತಿ. ಚುಚ್ಚಿದ್ದು ಒಂದು ಊರಾಗ, ಕುಂದರೂದು ಇನ್ನೊಂದು ಊರಾಗ. ತಪ್ಪು ಯಾರದು ಅಂತ ಹುಡುಕೂದು ಕಷ್ಟ. ಹುಡುಕಲಿಲ್ಲಂದ್ರ ಏನಾಗತೈತಿ ಅನ್ನೂದಕ್ಕ ನೀಲವ್ವನ ಗಾಡಿ ಕತಿ ಹೇಳ್ತೀನಿ.

ನಡು ಮಳಿಗಾಲ. ಹತ್ತರಗಿ ಕಡೆಯಿಂದ ಒಂದು ಬಿಳಿ ಕಾರು ಕುಂಟಕೋತ ಬಂದು ಅಂಗಡಿ ಮುಂದ ನಿಂತ್ತು. ಹೊಡ್ಯಾಕತ್ತಿದ್ದಾವ ಬಸು, ಹತ್ತರಗಿ ಹುಡುಗ, ಆ ಗಾಡಿ ಬಾಡಗಿ ಹೊಡದ ಮನಿ ನಡಸ್ತಿದ್ದ. ಮುಂದ ಅವನ ಬಾಜೂಕ ಅವರವ್ವ ನೀಲವ್ವ. ಹಿಂದ ಎಡಗಡೆ ಅವನ ಹೆಂಡ್ತಿ ರೇಣುಕಾ, ತುಕ್ಕಾನಟ್ಟಿ ಕುರಿಗಾರರ ಮಗಳು. ಮದುವಿ ಆಗಿ ವರ್ಷ ಆಗಿರಲಿಲ್ಲ. ಆಕಿ ಬಾಜೂಕ ಸೀಟಿನ ತುಂಬ ಅರಿವಿ ಗಂಟು. ತವರುಮನಿಗೆ ಉಂಡು ಬರಾಕ ಹೋಗಾವರು ಇಷ್ಟು ಗಂಟು ಒಯ್ಯಂಗಿಲ್ಲ.

"ಮತ್ತ ಹಿಂದಿನ ಎಡಗಡೆ ಗಾಲಿ ಆಯಿ" ಅಂದ ಬಸು. ಮಾರಿ ಸಪ್ಪಗಿತ್ತು.

"ಮತ್ತ ಅಂದ್ರ?"

ಅವ ಬಾಯಿ ತಗಿಯೂದರಾಗ ನೀಲವ್ವ ಇಳದು ಬಂದ್ಲು. "ಏನಂತ ಹೇಳ್ಲಿ ಅಕ್ಕಾರ! ದಿನಾ ಊರೂರು ತಿರಗತೈತಿ ಈ ಗಾಡಿ. ಒಂದ ದಿನ ಕುಂದರಂಗಿಲ್ಲ. ಈಕಿ ಕುಂತ ದಿನ ಮಾತ್ರ ಕುಂದರತೈತಿ. ಮದುವಿ ಆಗಿ ಮೊದಲ ಸಲ ತವರಿಗೆ ಕರಕೊಂಡು ಹೊಂಟಾಗ ಕುಂತ್ತು. ದವಾಖಾನಿಗೆ ಹೋದಾಗ ಕುಂತ್ತು. ನಾದಿನಿ ಮನಿ ತೊಟ್ಟಲ ಕಾರ್ಯಕ್ಕ ಹೋದಾಗ ಕುಂತ್ತು. ಅದೂ ಎಲ್ಲಿ? ಈಕಿ ಕುಂದರೂ ಕಡೆ ಗಾಲೀನ! ಇದಕ್ಕ ನಮ್ಮ ಕಡೆ ಏನಂತಾರ ನೀವ ಹೇಳ್ರಿ."

ಏನಂತಾರ ಅಂತ ನನಗ ಗೊತ್ತಿತ್ತು. ಕಾಲ್ಗುಣ ಅಂತಾರ. ಮನಿಗೆ ಬಂದ ಸೊಸಿ ಕಾಲಿಟ್ಟ ಗಳಿಗಿ ಮ್ಯಾಲ ಎಮ್ಮಿ ಹಾಲು, ಬಾವಿ ನೀರು, ಗಾಡಿ ಗಾಳಿ ಎಲ್ಲಾ ನಿಂತೈತಿ ಅಂತಾರ.

"ಹಂಗಾದ್ರ ಈಗೆಲ್ಲಿಗೆ ಹೊಂಟೀರಿ?" ಅಂದೆ.

"ತುಕ್ಕಾನಟ್ಟಿಗೆ. ಕೆಲ ದಿನ ತವರಾಗ ಬಿಟ್ಟು ನೋಡ್ತೇವಿ. ಗಾಡಿ ಮ್ಯಾಲ ಮನಿ ನಡೀತೈತ್ರಿ."

"ಕೆಲ ದಿನ ಅಂದ್ರ ಎಷ್ಟು ದಿನಾ ಅವ್ವಾ?" ಅಂದ ಬಸು. ರೇಣುಕಾ ಕೆಳಗಿಳದು ಗಾಲಿ ಕಡೆ ನೋಡಕೋತ ನಿಂತಿದ್ಲು. ಅಳಾಕತ್ತಿರಲಿಲ್ಲ. ಅತ್ತಿದ್ರ ನಾ ಅಷ್ಟು ಲಕ್ಷ್ಯ ಕೊಡತಿರಲಿಲ್ಲೇನೋ. ಭಾಳ ಸಿಟ್ಟಿನ್ಯಾಗ ಇದ್ಲು.

ಜಾಕ್ ಏರಿಸಿದೆ. ಗಾಲಿ ತಿರುವಿ ನೋಡಿದ್ರ ಹಳೇ ಬತ್ತಿ ತುರುಕಿದ ಗುರ್ತು ಅಲ್ಲಲ್ಲಿ, ಅದರ ನಡುವ ಹೊಸಾ ಮೊಳಿ. ಪಕ್ಕಡಿಲೆ ಕಿತ್ತೆ. ಚಪ್ಪಟಿ ತಲಿದು, ಸಣ್ಣದು. ಎತ್ತಿನ ಕಾಲಿಗೆ ಕಬ್ಬಿಣದ ನಾಲ ಹೊಡೀತಾರಲ್ಲ, ಆ ನಾಲಿನ ಮೊಳಿ.

"ಹಳೇ ಪಂಕ್ಚರಿನ್ಯಾಗೂ ಇದ ಸಿಕ್ಕಿತ್ತೇನೋ?" ಅಂದೆ ಬಸುಗ.

"ಹೂಂ ಆಯಿ. ಘಟಪ್ರಭಾದಾಗ ತಗದಾವ ಅಂದ, ಕಬ್ಬಿನ ಗಾಡಿ ಎತ್ತಿನ ಮೊಳಿ ದಾರ್ಯಾಗ ಬಿದ್ದಿರ್ತಾವ, ಏನ್ ಮಾಡಾಕ ಬರತೈತಿ ಅಂತ."

ಬ್ಯಾಸಿಗಿ ಮೊದಲು ಕಬ್ಬು ಸಾಗಿಸೂ ಹೊತ್ತಿನ್ಯಾಗ ಅಂದಿದ್ರ ಒಪ್ಪತಿದ್ದೆ. ಆವಾಗ ನಮ್ಮ ದಾರಿ ತುಂಬ ಅವ ಮೊಳಿ. ಆದ್ರ ಸಕ್ಕರಿ ಕಾರ್ಖಾನಿ ಬಂದ್ ಆಗಿ ಎಷ್ಟೋ ದಿನಾ ಆಗಿತ್ತು. ಎತ್ತಿನ ಗಾಡಿ ದಾರ್ಯಾಗ ಒಂದೂ ಇಲ್ಲ. ಮ್ಯಾಲ ಮೊಳಿ ಜಂಗು ಹಿಡಿದಿಲ್ಲ, ಮಳ್ಯಾಗ ಬಿದ್ದಿದ್ದಲ್ಲ. ನಮ್ಮಣ್ಣ ಇದ್ರ ಈಗ ಕೇಳತಿದ್ದ, ಯಾವೂರದಿದು ಅಂತ.

ಗಾಲಿ ಮತ್ತ ತಿರುವಿದೆ. ಮೊಳಿ ಇದ್ದ ಜಾಗಾದ ಬಾಜೂಕ, ಟಾಯರಿನ ಸಾಲಿನ್ಯಾಗ ಬೆಳ್ಳಗ ಏನೋ ಸಿಕ್ಕಿತ್ತು. ಉಗುರಿಲೆ ತಗದೆ. ಲಿಂಬಿಹಣ್ಣಿನ ಬೀಜ. ಮೂಸಿ ನೋಡಿದೆ. ಇನ್ನೂ ಹುಳಿ ವಾಸನಿ.

"ಲಿಂಬಿಹಣ್ಣು ಇಟ್ಟಾವ್ರು ಯಾರು?" ಅಂದೆ.

"ನಾನ" ಅಂದ್ಲು ನೀಲವ್ವ. ದನಿ ಒಳಗ ಜಂಬ. "ಮತ್ತೇನು ಮಾಡೂದು? ಮೊದಲ ಸಲ ಕುಂತಾಗಿಂದ ಈಕಿ ಗಾಡಿ ಹತ್ತಿದಾಗೆಲ್ಲಾ ಈಕಿ ಕಡೆ ಗಾಲಿ ಕೆಳಗ ಒಂದು ಲಿಂಬಿಹಣ್ಣು ಇಡ್ತೀನಿ. ಎಲ್ಲಾರಂಗ ಬರೇ ಲಿಂಬಿಹಣ್ಣು ಇಡಂಗಿಲ್ಲ ಮತ್ತ. ಎತ್ತಿನ ನಾಲಿನ ಮೊಳಿ ಭಾಳ ಗಟ್ಟಿ ಅಂತಾರ, ಎಂಥಾ ಕೆಡಕೂ ಹಾಯಂಗಿಲ್ಲ. ನಮ್ಮ ಮಾವ ನಾಲ ಹೊಡ್ಯಾವ್ರಿದ್ರು, ಡಬ್ಬಿ ತುಂಬ ಉಳದಾವ. ಮೂರು ಮೊಳಿ ಚುಚ್ಚಿ ಇಡ್ತೀನಿ!"

ಚಹಾದ ಅಂಗಡ್ಯಾಗಿಂದ ನಮ್ಮವ್ರು ಕೆಮ್ಮಿದ್ರು. ನಗು ಬಂದ್ರ ಅವ್ರು ಹಂಗ ಕೆಮ್ಮೂದು.

"ಅವ್ವಾ!" ಅಂದ ಬಸು. "ಮೊಳಿ ಚುಚ್ಚತಿದ್ದೇನು? ನನಗ ಲಿಂಬಿಹಣ್ಣು ಅಂತ ಅಷ್ಟ ಹೇಳಿದ್ಯಲ್ಲ?"

"ನಿನಗ ಹೇಳಿ ಏನ್ ಮಾಡೂದು? ನೀ ಬ್ಯಾಡ ಅಂತಿದ್ದಿ."

ನಾ ಮೊಳಿನೂ ಬೀಜಾನೂ ಅಂಗೈ ಮ್ಯಾಲ ಇಟ್ಟು ಮುಂದ ಹಿಡದೆ. "ನೀಲವ್ವಾ, ಕೆಡಕು ಹಾಯೂದು ಬಿಡ್ರಿ. ಟಾಯರ್ ಹಾಯಾಕತ್ತೈತಿ ನೋಡ್ರಿ ನಿಮ್ಮ ಮೊಳಿ."

ಆಕಿ ಒಪ್ಪೂ ಹೆಣ್ಣಲ್ಲ. ನನಗೂ ಅಂಥಾವ್ರ ಸೇರತಾರ. ಸೊಂಟದ ಮ್ಯಾಲ ಕೈ ಇಟ್ಲು. "ಛಲೋ ಹೇಳಿದ್ರಿ! ಹಂಗಾದ್ರ ಮೊದಲ ಸಲ? ಆವಾಗ ನಾ ಏನೂ ಇಟ್ಟಿರಲಿಲ್ಲಲ್ಲ? ಅದು ಯಾರ ಗುಣಾ?"

ಖರೆ ಪ್ರಶ್ನೆ. ಬಸು ತಲಿ ಕೆರಕೋತ ನಿಂತ. ಆವಾಗ ರೇಣುಕಾ ಬಾಯಿ ತಗದ್ಲು.

"ಆವಾಗ ಸಿಕ್ಕಿದ್ದು ನಾಲಿನ ಮೊಳಿ ಅಲ್ರಿ. ಟಾಚಣಿ, ಗುಂಡಪಿನ್ನು. ಮದುವಿ ಆದ ಮರುದಿನ ಇದ ಗಾಡ್ಯಾಗ ತವರಿಗೆ ಹೋಗಿದ್ವಿ. ಮದುವಿ ಗಾಡಿ ಅಂತ ಇವರ ಗೆಳ್ಯಾರು ಹೂವಿನ ಹಾರ, ಬಣ್ಣದ ಪಟ್ಟಿ ಎಲ್ಲಾ ಟಾಚಣಿ ಹಚ್ಚಿ ಸಿಂಗರಿಸಿದ್ರು. ತಗಿಯೂ ಮುಂದ ಅಂಗಳದಾಗ ಉದುರಿಸಿದ್ರು. ನಾ ಕಸಾ ಹೊಡದಾಗ ಸೂಪಡಿ ತುಂಬ ಟಾಚಣಿ ಬಂದಿದ್ವು. ನೀವ ಬೈದಿದ್ರಿ ಅತ್ತಿ, ಮೊದಲ ದಿನಾನ ಕಸಬರಗಿ ಹಿಡದೀ ಅಂತ."

ಬಸು, "ಹೌದವ್ವಾ, ಟಾಚಣೀನ ಇತ್ತು. ಪಂಕ್ಚರ್ ತಗದಾವ ನನ್ನ ಕೈಯಾಗ ಕೊಟ್ಟಿದ್ದ" ಅಂದ. ಇಷ್ಟು ದಿನಾ ನಿನ್ನ ಬಾಯಿಗೇನು ಬತ್ತಿ ತುರುಕಿದ್ರೇನೋ ಅಂತ ನಾ ಅವನಿಗೆ ಬೈದೆ.

ನೀಲವ್ವ ಇನ್ನೂ ಸೋಲಲಿಲ್ಲ. "ಬಾಯಿಲೆ ಎಲ್ಲಾ ಹೇಳಬಹುದು" ಅಂದ್ಲು.

"ಬಾಯಿಲೆ ಬ್ಯಾಡ ಅತ್ತಿ. ಮಾಡಿ ನೋಡೂಣು" ಅಂದ್ಲು ರೇಣುಕಾ. "ತಿರುಗಿ ಬರೂ ಮುಂದ ನನ್ನ ಕೆಡಕು ನಿಮ್ಮ ಬೆನ್ನು ಹತ್ತಬಾರದಂತ ಇನ್ನೊಂದು ಲಿಂಬಿಹಣ್ಣು ಚೀಲದಾಗ ತಂದೀರಲ್ಲ, ಅದನ್ನ ತಗೀರಿ. ನನ್ನ ಜಾಗಾದಾಗ ನೀವ ಕುಂದರ್ರಿ. ನಾ ಕೆಳಗ ನಿಂದರ್ತೀನಿ. ಗಾಡಿಗೆ ಕೈ ಸೈತ ಹಚ್ಚಂಗಿಲ್ಲ."

ಅಷ್ಟೊತ್ತಿಗೆ ಚಹಾ ಕುಡ್ಯಾಕ ಬಂದಾವ್ರು ಕಪ್ಪು ಹಿಡಕೊಂಡು ಸುತ್ತ ನಿಂತಿದ್ರು. ನೀಲವ್ವಗ ಹಿಂದ ಸರಿಯಾಕ ದಾರಿ ಇಲ್ಲ. ಲಿಂಬಿಹಣ್ಣು ತಗದ್ಲು. ಮೂರು ಮೊಳಿ ಹೊಟ್ಯಾಗ ಹಾದು ಆಚಿ ಕಡೆ ಮೂಗು ಹೊರಗ ಹಾಕಿದ್ವು. ಅದನ್ನ ನೋಡಿದ ಕೂಡ್ಲೆ ನನ್ನ ಅಂಗಾಲು ಚುಳ್ ಅಂತು.

ನಾ ಮೊಳಿ ಕಿತ್ತ ತೂತಿಗೆ ಬತ್ತಿ ಹಾಕಿ, ಗಾಳಿ ತುಂಬಿಸಿ, ಸಬಕಾರದ ನೀರು ಹಚ್ಚಿ, ಎಲ್ಲೂ ಗುಳ್ಳಿ ಇಲ್ಲ ಅಂತ ಎಲ್ಲಾರಿಗೂ ತೋರಿಸಿದೆ. ನೀಲವ್ವ ಹಿಂದ ಎಡಗಡೆ ಸೆರಗು ಹೊದ್ದು ಕುಂತ್ಲು, ತಹಶೀಲ್ದಾರರಂಗ. ಲಿಂಬಿಹಣ್ಣು ಗಾಲಿ ಮುಂದ ಇಟ್ಟೆ. ರೇಣುಕಾ ದಾರಿ ಆಚಿ ದಂಡಿಗೆ ಹೋಗಿ ನಿಂತ್ಲು.

"ಆಯಿ, ನನ್ನ ಟಾಯರ!" ಅಂತ ಬಸು ಒದರಿದ.

"ಟಾಯರ್ ನಾ ಹಚ್ಚಿ ಕೊಡ್ತೀನಿ. ಹೆಂಡ್ತಿ ಹ್ವಾದ್ರ ಯಾರು ಹಚ್ಚಿ ಕೊಡ್ತಾರೋ? ನಡಿ!"

ಗಾಡಿ ಮುಂದ ಸರೀತು. ಪಚಕ್ ಅಂತು. ನಾ ಕೈ ಮಾಡಿ ನಿಲ್ಲಿಸಿದೆ. ಒಂದು ಮೊಳಿ ಬಾಗಿ ರಸದಾಗ ಬಿದ್ದಿತ್ತು, ಒಂದು ಎಲ್ಲಿ ಹಾರಿತೋ ಕಾಣಲಿಲ್ಲ, ಇನ್ನೊಂದು ಟಾಯರಿನ್ಯಾಗ ತಲಿಮಟ ಇಳದು ಕುಂತಿತ್ತು. ಸಬಕಾರದ ನೀರು ಹಚ್ಚಿದೆ. ಗುಳ್ಳಿ ಎದ್ದು ಬುರಬುರ ಅಂದ್ವು.

"ಇಳೀರಿ ನೀಲವ್ವಾ" ಅಂದೆ. "ಇಳದು ನಿಮ್ಮ ಕಾಲ್ಗುಣಾ ನೋಡ್ರಿ."

ಎಲ್ಲಾರೂ ಹೋ ಅಂತ ನಕ್ರು. ನಮ್ಮವ್ರಂತೂ ಕೆಮ್ಮೂ ನಾಟಕಾನೂ ಬಿಟ್ಟು ತೊಡಿ ಬಡಕೊಂಡು ನಕ್ರು. ನೀಲವ್ವನ ಮಾರಿ ಕೆಂಪಾತು. ನಗಲಾರದಾಕಿ ಅಂದ್ರ ದಾರಿ ಆಚಿ ನಿಂತ ರೇಣುಕಾ ಅಷ್ಟ. ಆಕಿ ಈ ಕಡೆ ಬಂದು ಅತ್ತಿ ಕೈ ಹಿಡದು ಕೆಳಗ ಇಳಿಸಿಕೊಂಡ್ಲು. "ಕೆಸರೈತಿ, ಜ್ವಾಕಿ" ಅಂದ್ಲು. ಅಷ್ಟ. ಗೆದ್ದಾವ್ರು ಇದಕ್ಕಿಂತ ಹೆಚ್ಚಿಗಿ ಮಾತಾಡಬಾರ್ದು, ಆ ಹುಡುಗಿಗೆ ಅದು ಗೊತ್ತಿತ್ತು.

ನೀಲವ್ವ ಬಗ್ಗಿ ಗುಳ್ಳಿ ನೋಡಿದ್ಲು, ಭಾಳ ಹೊತ್ತು ನೋಡಿದ್ಲು. ಆಮ್ಯಾಲ, "ಬರೇ ಲಿಂಬಿಹಣ್ಣಿಗೆ ಏನೂ ಆಗಂಗಿಲ್ಲಲ್ಲ?" ಅಂತ ನನ್ನ ಕೇಳಿದ್ಲು.

"ಏನೂ ಆಗಂಗಿಲ್ಲ. ಬುಟ್ಟಿಗಟ್ಲೆ ಇಡ್ರಿ. ಉಳದದ್ದು ಉಪ್ಪಿನಕಾಯಿ ಹಾಕ್ರಿ. ಡಬ್ಬ್ಯಾಗಿನ ಮೊಳಿ ಗುಜರಿಗೆ ಹಾಕ್ರಿ."

"ಕೊಡಂಗಿಲ್ಲ, ನಮ್ಮ ಮಾವನ ನೆನಪು" ಅಂದ್ಲು. ಒಪ್ಪಿದ್ಲಂತ ಅದಕ್ಕ ನನಗ ತಿಳೀತು.

ಹೊಸಾ ತೂತಿಗೂ ಬತ್ತಿ ಹಾಕಿದೆ. ಬಸುಗ ಹೇಳಿದೆ, ಇಷ್ಟು ತೂತು ಆದ ಟಾಯರ್ ನಂಬಬ್ಯಾಡ, ಅದನ್ನ ಸ್ಟೆಪ್ನಿ ಮಾಡು, ಚೊಲೋದು ಕೆಳಗ ಹಾಕು ಅಂತ. ಅಲ್ಲೇ ಬದಲಿ ಮಾಡಿ ಕೊಟ್ಟೆ. ಹುಡುಗ್ಯಾರ, ಹುಡುಗರ, ಇದನ್ನೂ ನೆನಪಿಡ್ರಿ, ಸ್ಟೆಪ್ನಿಗೂ ಗಾಳಿ ನೋಡಬೇಕು. ಮಂದಿ ಅದನ್ನ ಡಿಕ್ಯಾಗ ಹಾಕಿ ಮರತ ಬಿಡ್ತಾರ, ಬೇಕಾದಾಗ ತಗದ್ರ ಅದೂ ಕುಂತಿರತೈತಿ. ಬಸುಂದೂ ಹಂಗ ಇತ್ತು, ಅದಕ್ಕೂ ಗಾಳಿ ಹಾಕಿದೆ.

ಗಾಡಿ ತುಕ್ಕಾನಟ್ಟಿ ಕಡೆ ಹೋತು. ಗಂಟು ಇನ್ನೂ ಸೀಟಿನ ಮ್ಯಾಲ ಇದ್ವು. ನೀಲವ್ವ ಬೀಗರ ಮನ್ಯಾಗ ಏನು ಹೇಳ್ತಾಳೋ, ಹುಡುಗೀನ ಬಿಟ್ಟು ಬರ್ತಾಳೋ ಅಂತ ನಮ್ಮವ್ರು ಕೇಳಿದ್ರು. ನನಗೇನ್ ಗೊತ್ತು? ಟಾಯರಿನ ಒಳಗ ಕೈ ಆಡಿಸಿ ನೋಡಬಹುದು, ಅತ್ತಿ ಒಳಗ ಆಡಿಸಾಕ ಬರಂಗಿಲ್ಲ. ಆದ್ರ ಆವತ್ತು ಗಿರಾಕಿ ಕೆಲಸ ಮಾಡಕೋತ ದಾರಿ ಕಡೆ ನೋಡಿದ್ದು ನೋಡಿದ್ದ.

ಸಂಜಿ ಮುಂದ, ಇನ್ನೂ ಬಿಸಲಿತ್ತು, ಆ ಬಿಳಿ ಕಾರು ಬಂದು ನಿಂತ್ತು. ಹಿಂದಿನ ಸೀಟಿನ ಮ್ಯಾಲ ಮುಂಜಾನಿನ ಅವ ಗಂಟು, ಬಿಚ್ಚಿರಲಿಲ್ಲ. ಬೀಗರು ಕೊಟ್ಟ ಒಂದು ಹೊಸಾ ಕಂಬಳಿನೂ ಇತ್ತು, ಅದರ ಮ್ಯಾಲ ತಲಿ ಇಟ್ಟು ನೀಲವ್ವ ಉಂಡ ಹೊಟ್ಟಿಲೆ ಗೊರಕಿ ಹೊಡ್ಯಾಕತ್ತಿದ್ಲು. ಮುಂದ, ಬಸುನ ಬಾಜೂಕ, ರೇಣುಕಾ.

"ಮತ್ತ ಕುಂತೇನೋ?" ಅಂದೆ ನಾ.

"ಇಲ್ರಿ ಆಯಿ" ಅಂತ ರೇಣುಕಾ ಇಳದ್ಲು. "ಗಾಳಿ ನೋಡೂದು ಕಲಸ್ರಿ ನನಗ. ನಾಳಿಂದ ಹೊಂಡೂಕಿಂತ ಮೊದಲು ನಾನ ನೋಡ್ತೀನಿ."

ಗಾಳಿ ನೋಡೂ ಮೀಟರ್ ಕೈಯಾಗ ಕೊಟ್ಟೆ. ವಾಲಿನ ಟೊಪಗಿ ತಗದು ಮೀಟರ್ ಒತ್ತಾಕ ಗಾಲಿ ಮುಂದ ಕುಕ್ಕರಗಾಲಿನ್ಯಾಗ ಕುಂತ್ಲು. ಫಸ್ ಅನ್ನೂ ಸಪ್ಪಳಕ್ಕ ಹಿಂದಿನ ಸೀಟಿನ್ಯಾಗ ಗೊರಕಿ ನಿಂತ್ತು. ನೀಲವ್ವ ಕಿಡಕಿಯಿಂದ ತಲಿ ಹೊರಗ ಹಾಕಿ ಗಾಲಿ ನೋಡಿದ್ಲು, ಸೊಸಿನ್ನ ನೋಡಿದ್ಲು.

"ಸೆರಗು ಎತ್ತಿ ಕಟ್ಟಿಕೋಲೇ, ಕರೀ ಹತ್ತತೈತಿ" ಅಂದ್ಲು. "ಅದು ಆದ ಮ್ಯಾಲ ನನ್ನ ಕಡೆ ಗಾಲಿನೂ ನೋಡು."